ಕಿವಿಯ ಪಾಪ, ಕೈಯ ಪಾಪ



ಆರ್.ಟಿ. ನಗರದ ಪರಿಚಯಸ್ಥರೊಬ್ಬರು ಒಂದು ಶುಕ್ರವಾರ ಜುಮಾ ಮುಗಿದ ಬಳಿಕ ನನ್ನನ್ನು ತಡೆದು ನಿಲ್ಲಿಸಿದರು. "ಹಝ್ರತ್, ನನ್ನ ಮಗ ಯಲಹಂಕದ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಾಡು ಕೇಳುತ್ತಾನೆ. ಒಂದು ಹಾಡಿನ ಅರ್ಥ ತಿಳಿದಾಗ ನಾಚಿಕೆಯಿಂದ ತಲೆ ತಗ್ಗಿಸಿದೆ. ಅವನಿಗೆ ತಾವು ಬುದ್ಧಿ ಹೇಳಬೇಕು" ಎಂದರು.

ಅದು ಇಂಗ್ಲೆಂಡಿನ 'ದಿ ಪ್ರಾಡಿಜಿ' ಎಂಬ ಇಲೆಕ್ಟ್ರಾನಿಕ್ ಸಂಗೀತ ತಂಡ 1997ರ ನವೆಂಬರ್‌ನಲ್ಲಿ ಹೊರತಂದ ಹಾಡು. ಅದರ ಹೆಸರನ್ನು ಬರೆಯಲು ಲೇಖನಿ ಒಪ್ಪುವುದಿಲ್ಲ. ಹೆಣ್ಣನ್ನು ನಾಯಿಯ ಹೆಸರಿನಿಂದ ಕರೆದು, ಅವಳಿಗೆ ಬಾರಿಸುವ ಮಾತೇ ಅದರ ಪಲ್ಲವಿ. ಅಮೆರಿಕದ ರಾಷ್ಟ್ರೀಯ ಮಹಿಳಾ ಸಂಘಟನೆ ಅದನ್ನು ಖಂಡಿಸಿತು. ವಾಲ್‌ಮಾರ್ಟ್ ಮತ್ತು ಕೆಮಾರ್ಟ್ ಅಂಗಡಿಗಳು ಆ ಆಲ್ಬಮನ್ನು ಕಪಾಟಿನಿಂದ ತೆಗೆದವು. ತಂಡದವರಾದರೋ, ಆ ಮಾತಿಗೆ ಹೊಡೆತದ ಅರ್ಥವೇ ಇಲ್ಲ, ಯಾವುದನ್ನಾದರೂ ಹುರುಪಿನಿಂದ ಮಾಡುವುದೆಂದಷ್ಟೇ ಅರ್ಥ ಎಂದು ಸಮರ್ಥಿಸಿಕೊಂಡರು. ಆಡಿದ ಮಾತಿಗೆ ಆಮೇಲೆ ಅರ್ಥ ಹೊಲಿಯುವ ಅಭ್ಯಾಸ ನಮಗೂ ಇಲ್ಲವೇ? "ತಮಾಷೆಗೆ ಅಂದೆ" ಎಂದು ನಾವು ಎಷ್ಟು ಸಲ ಜಾರಿಕೊಂಡಿಲ್ಲ!

ಮಗನಿಗೆ ಖಂಡಿತ ಹೇಳುತ್ತೇನೆಂದು ಒಪ್ಪಿದೆ. ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಕುರಿತು ವಿಚಾರಣೆಯಿದೆ ಎಂದು ಪವಿತ್ರ ಕುರ್‌ಆನ್ ಬನೀ ಇಸ್ರಾಈಲ್ ಅಧ್ಯಾಯದಲ್ಲಿ ಎಚ್ಚರಿಸಿದೆ. ಆದರೆ ಆ ತಂದೆಯೊಡನೆ ಒಂದು ಮಾತು ಕೇಳದಿರಲಾಗಲಿಲ್ಲ: "ಹುಡುಗ ಕಿವಿಯಿಂದ ಕೇಳಿದ್ದನ್ನು ಮನೆಯಲ್ಲಿ ನಿಮ್ಮ ಕೈ ಎಂದಾದರೂ ಮಾಡಿದೆಯೇ?"

ಅವರು ಉತ್ತರಿಸಲಿಲ್ಲ. ನೆಲ ನೋಡುತ್ತಾ ನಿಂತರು.

ಈ ಪ್ರಶ್ನೆ ಅವರೊಬ್ಬರಿಗೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಸುಮಾರು ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಅವರ ಗಂಡಂದಿರು ಇದನ್ನು ಕಲಿತದ್ದು ಇಂಗ್ಲಿಷ್ ಹಾಡಿನಿಂದಲೇ? ನಮ್ಮ ಗಲ್ಲಿಗಳಲ್ಲಿ, ನಮ್ಮ ಮನೆಗಳ ಬಾಗಿಲ ಹಿಂದೆ, ಸಂಗೀತವೇ ಇಲ್ಲದೆ ಆ ಪಲ್ಲವಿ ಕೇಳುತ್ತಿದೆ. ಮಕ್ಕಳು ಅದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿಸಿಕೊಳ್ಳುತ್ತಾರೆ.

ಪ್ರವಾದಿವರ್ಯರು(ಸ) ಪತ್ನಿಯರ ಮೇಲಾಗಲಿ ಸೇವಕರ ಮೇಲಾಗಲಿ ಎಂದೂ ಕೈಯೆತ್ತಲಿಲ್ಲವೆಂದು ಹ. ಆಯಿಶಾ(ರ) ಸಾಕ್ಷಿ ನುಡಿದಿದ್ದಾರೆ. ಮನೆಯವರೊಂದಿಗೆ ಉತ್ತಮನಾಗಿರುವವನೇ ನಿಮ್ಮಲ್ಲಿ ಉತ್ತಮನು ಎಂಬುದು ಅವರ ಬೋಧನೆ. ಬಾಯಿಗೆ ಮುದ್ರೆ ಬೀಳುವ, ಕೈಗಳೇ ಮಾತನಾಡುವ ದಿನವೊಂದಿದೆ ಎಂದು ಯಾಸೀನ್ ಅಧ್ಯಾಯ ತಿಳಿಸುತ್ತದೆ. ಆ ದಿನ ನಮ್ಮ ಕೈ ಏನು ಹೇಳೀತು?

ತೌಬಾದ ಬಾಗಿಲು ಮುಚ್ಚಿಲ್ಲ. 1998ರಲ್ಲಿ ಇಂಗ್ಲೆಂಡಿನ ರೀಡಿಂಗ್ ಉತ್ಸವದಲ್ಲಿ ಈ ಹಾಡನ್ನು ಹಾಡಬೇಡಿರೆಂದು ಪ್ರಾಡಿಜಿಯವರನ್ನು ಕೇಳಿಕೊಂಡದ್ದು 'ಬೀಸ್ಟೀ ಬಾಯ್ಸ್' ಎಂಬ ಇನ್ನೊಂದು ತಂಡ. ಅವರೂ ಹಿಂದೆ ಹೆಣ್ಣನ್ನು ಹೀನೈಸಿ ಹಾಡಿ, ಬಳಿಕ ತಿದ್ದಿಕೊಂಡವರು. ಪ್ರಾಡಿಜಿಯವರು ಒಪ್ಪದೆ ಹಾಡಿಯೇ ಬಿಟ್ಟರು. ಹಾಡುಗಾರರೇ ತಮ್ಮ ತಪ್ಪನ್ನು ಕಂಡುಕೊಳ್ಳಬಲ್ಲರಾದರೆ, ದಿನಕ್ಕೆ ಐದು ಬಾರಿ ಸುಜೂದ್ ಮಾಡುವ ನಮಗೆ ಅದು ಕಷ್ಟವೇ?

ಆದರೆ ನೆನಪಿರಲಿ, ಇದು ಮನುಷ್ಯರ ಹಕ್ಕಿನ ವಿಷಯ. ಮಸೀದಿಯಲ್ಲಿ ಅತ್ತರೆ ಮಾತ್ರ ಸಾಲದು. ನೋಯಿಸಲ್ಪಟ್ಟವಳಲ್ಲಿ ಕ್ಷಮೆ ಕೇಳಬೇಕು, ಮತ್ತೆಂದೂ ಕೈಯೆತ್ತಬಾರದು. ಮಗನ ಕಿವಿಯ ವಯರನ್ನು ತೆಗೆಸುವ ಮುನ್ನ ತಂದೆ ಈ ಕೆಲಸ ಮಾಡಲಿ. ಆಗ ಅವನ ಉಪದೇಶಕ್ಕೆ ತೂಕ ಬರುತ್ತದೆ.

ಅಲ್ಲಾಹನು ನಮ್ಮ ಕಿವಿಗಳನ್ನೂ ನಾಲಗೆಗಳನ್ನೂ ಕೈಗಳನ್ನೂ ಕಾಪಾಡಲಿ. ಆಮೀನ್.