ಅಂಕಪಟ್ಟಿ ಮತ್ತು ಅನುಗ್ರಹ



ಎಸ್ಸೆಸ್ಸೆಲ್ಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ಎಷ್ಟೋ ಮಕ್ಕಳ ನಿದ್ದೆ ಹಾರಿಹೋಗುತ್ತದೆ. 625 ಅಂಕಗಳಲ್ಲಿ ತನಗೆಷ್ಟು ಬಂದೀತು, ನೆರೆಮನೆಯ ಹುಡುಗನಿಗೆಷ್ಟು ಎಂಬ ಲೆಕ್ಕವೇ ಮನಸ್ಸನ್ನು ತಿನ್ನುತ್ತದೆ. ಆಗ ಹಿರಿಯರು, ‘ನಿನಗೇನು ಕಡಿಮೆಯಾಗಿದೆ? ಅಲ್ಲಾಹನಿಗೆ ಕೃತಜ್ಞನಾಗಿರು’ ಎಂದರೆ ಅದು ಉಪದೇಶವಾಗಿಯಲ್ಲ, ಗದರಿಕೆಯಾಗಿ ಕೇಳಿಸುತ್ತದೆ. ಹಾಗಾದರೆ ಇಸ್ಲಾಮ್ ಕಲಿಸುವ ‘ಶುಕ್ರ್’ ಎಂದರೇನು?

ಪವಿತ್ರ ಕುರ್‌ಆನಿನ 93ನೇ ಅಧ್ಯಾಯ ‘ಅದ್ದುಹಾ’ವನ್ನು ನೋಡಿರಿ. ದಿವ್ಯವಾಣಿ ಕೆಲಕಾಲ ನಿಂತುಹೋಗಿತ್ತು. ದೇವನು ಇವರನ್ನು ಕೈಬಿಟ್ಟನೆಂದು ಮಕ್ಕಾದ ವಿರೋಧಿಗಳು ಹಂಗಿಸಿದರು. ಪ್ರವಾದಿವರ್ಯರು(ಸ) ನೊಂದಿದ್ದರು. ಆಗ ಅವತೀರ್ಣಗೊಂಡ 11 ಸೂಕ್ತಗಳಲ್ಲಿ, ನೊಂದದ್ದೇಕೆಂಬ ಆಕ್ಷೇಪವಿಲ್ಲ. ಕೈಬಿಟ್ಟಿಲ್ಲವೆಂಬ ಸಾಂತ್ವನ ಮೊದಲು. ಅನಾಥರಾಗಿದ್ದಾಗ ಆಸರೆ, ಬಡತನದಲ್ಲಿ ಸಂಪತ್ತು ದೊರೆತುದರ ನೆನಪು ಆಮೇಲೆ.

ಶುಕ್ರ್ ಎಂದರೆ ನೋವೇ ಇಲ್ಲವೆಂದು ನಟಿಸುವುದಲ್ಲ. ನೋವಿನ ನಡುವೆಯೂ, ಇದುವರೆಗೆ ಕೈಹಿಡಿದು ನಡೆಸಿದವನನ್ನು ಮರೆಯದಿರುವುದು. ಅದು ಹೃದಯದಲ್ಲಿರಬೇಕು, ನಾಲಗೆಯಲ್ಲಿರಬೇಕು, ಕೈಕಾಲುಗಳ ದುಡಿಮೆಯಲ್ಲೂ ಕಾಣಬೇಕೆಂದು ವಿದ್ವಾಂಸರು ಹೇಳುತ್ತಾರೆ. ಬುದ್ಧಿಶಕ್ತಿಗೆ ಸಲ್ಲುವ ಶುಕ್ರ್ ಎಂದರೆ ಶ್ರದ್ಧೆಯ ಓದು. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ.

ಇಂದಿನಿಂದಲೇ ಒಂದು ಕೆಲಸ ಮಾಡಿರಿ. ಇಶಾ ನಮಾಝಿನ ಬಳಿಕ, ಆ ದಿನ ದೊರೆತ ಮೂರು ಅನುಗ್ರಹಗಳನ್ನು ನೋಟ್ ಪುಸ್ತಕದಲ್ಲಿ ಬರೆಯಿರಿ. ಅರ್ಥವಾಗದ ಲೆಕ್ಕವನ್ನು ಮತ್ತೊಮ್ಮೆ ಹೇಳಿಕೊಟ್ಟ ಟೀಚರ್, ಬೆಳಗ್ಗೆ ಬೇಗನೆದ್ದು ಬುತ್ತಿ ಕಟ್ಟಿದ ತಾಯಿ, ಜ್ವರವಿಲ್ಲದ ದೇಹ. ಅಮೆರಿಕದ ಜೆಫ್ರಿ ಫ್ರೋ ಮತ್ತು ಸಂಗಡಿಗರು 221 ಶಾಲಾ ಮಕ್ಕಳ ಪೈಕಿ ಒಂದು ಗುಂಪಿನಿಂದ ಎರಡು ವಾರ ಹೀಗೆಯೇ ಬರೆಯಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದವರಲ್ಲಿ ಭರವಸೆಯೂ ತೃಪ್ತಿಯೂ ಹೆಚ್ಚಿರುವುದು ಕಂಡುಬಂದಿತ್ತು. ಬರೆದು ಸುಮ್ಮನಾಗಬೇಡಿರಿ, ಆ ಟೀಚರಿಗೂ ತಾಯಿಗೂ ಬಾಯಿಬಿಟ್ಟು ಹೇಳಿರಿ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಹೆತ್ತವರೇ, ಅದೇ ಅಧ್ಯಾಯವು ಕೇಳಿ ಬಂದವನನ್ನು ಗದರಿಸಬಾರದೆಂದೂ ಆಜ್ಞಾಪಿಸುತ್ತದೆ. ‘ಅಪ್ಪಾ, ಓದಿದ್ದು ತಲೆಗೆ ಹೋಗುವುದಿಲ್ಲ, ಭಯವಾಗುತ್ತದೆ’ ಎನ್ನುವ ಮಗುವೂ ಕೇಳಿ ಬಂದವನೇ. ನೀವು ಕಟ್ಟಿದ ಫೀಸಿನ ಲೆಕ್ಕವನ್ನು ಅದರ ಮುಂದಿಡಬೇಡಿರಿ. ಅಂಕ ಕಡಿಮೆಯಾದರೆ ಮತ್ತೆ ಪರೀಕ್ಷೆಯಿದೆ. ಮಗು ಅಲ್ಲಾಹನ ಅಮಾನತ್ತು. ದುಗುಡ ದಿನಗಟ್ಟಲೆ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಬಹುದು. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಕೃತಜ್ಞ ಹೃದಯವನ್ನೂ, ನಮಗೆ ಅವರ ಮಾತನ್ನು ಕೇಳುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.