ಗಾಯ ಕಂಡರಷ್ಟೇ ನಂಬುವ ಕಣ್ಣು

2013ರಲ್ಲಿ ಮುಂಬೈನ ಟ್ಯಾಪ್‌ರೂಟ್ ಜಾಹೀರಾತು ಸಂಸ್ಥೆ ಕೌಟುಂಬಿಕ ದೌರ್ಜನ್ಯದ ವಿರುದ್ಧ ರೂಪಿಸಿದ ಪೋಸ್ಟರುಗಳು ಹೊರದೇಶಗಳಲ್ಲೂ ಸುದ್ದಿಯಾದವು. ಹಳೆಯ ಕ್ಯಾಲೆಂಡರ್ ಚಿತ್ರಗಳ ಶೈಲಿಯಲ್ಲೇ ದುರ್ಗೆ, ಲಕ್ಷ್ಮಿ, ಸರಸ್ವತಿಯರು. ಆದರೆ ಮುಖದ ಮೇಲೆ ಪೆಟ್ಟಿನ ಗುರುತು, ಕಪ್ಪಿಟ್ಟ ಕಣ್ಣಂಚು. ಹೀಗೇ ಬಿಟ್ಟರೆ ನಾವು ಕೈಮುಗಿಯುವ ದೇವಿಯರಿಗೂ ಉಳಿಗಾಲವಿಲ್ಲ ಎಂಬುದು ಅವುಗಳ ಎಚ್ಚರಿಕೆ. ಹಾಗಾದರೆ ಪೂಜೆಗೆ ಯೋಗ್ಯಳಾದವಳಿಗೆ ಮಾತ್ರ ಹೊಡೆಯಬಾರದೇ ಎಂಬ ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಇಂಥ ಪ್ರಚಾರದಲ್ಲಿ ಇನ್ನೊಂದು ತೊಡಕಿದೆ. ದೇವಿಯರಿರಲಿ, ಬಸ್ ನಿಲ್ದಾಣದ ಗೋಡೆಯ ಮೇಲಿನ ಸಾಮಾನ್ಯ ಹೆಂಗಸರಿರಲಿ, ಚಿತ್ರದಲ್ಲಿರುವವರು ಮಾತಾಡುವುದೇ ಇಲ್ಲ. ಊದಿದ ಕಣ್ಣು, ಮೂಲೆ ಸೇರಿದ ದೇಹ, ಬಾಯಿ ಮುಚ್ಚಿದ ಗಂಡಸಿನ ಕೈ. ಏನು ನಡೆಯಿತೆಂದು ಹೇಳುವ ಕೆಲಸವನ್ನು ಗಾಯಕ್ಕೆ ಒಪ್ಪಿಸಲಾಗಿದೆ, ಅನುಭವಿಸಿದವಳಿಗಲ್ಲ.

ಇದರ ಹಾನಿ ಎಂಥದ್ದು ಎಂದು ತಿಳಿಯಲು ಬ್ರಿಟನ್ನಿನ ತತ್ತ್ವಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಪ್ರಕಟಿಸಿದ ಪುಸ್ತಕದ ಒಂದು ಪರಿಕಲ್ಪನೆ ನೆರವಿಗೆ ಬರುತ್ತದೆ. ಅದನ್ನು ‘ಅರಿವಿನ ಅನ್ಯಾಯ’ ಎನ್ನಬಹುದು. ಕೂಲಿಯಲ್ಲಿ, ಆಸ್ತಿಯಲ್ಲಿ ಅನ್ಯಾಯವಾಗುವುದು ನಮಗೆ ಗೊತ್ತು. ಒಬ್ಬರನ್ನು ವಿಷಯ ತಿಳಿದವರೆಂದು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದೂ ಅನ್ಯಾಯವೇ ಎನ್ನುತ್ತಾರೆ ಫ್ರಿಕರ್. ಅದರ ಒಂದು ರೂಪ ಸಾಕ್ಷ್ಯದ ಅನ್ಯಾಯ: ಮಾತಾಡುವವರು ಯಾರು ಎಂಬ ಪೂರ್ವಗ್ರಹದಿಂದ, ಅವರ ಮಾತಿಗೆ ಸಲ್ಲಬೇಕಾದಷ್ಟು ನಂಬಿಕೆ ಸಲ್ಲದಿರುವುದು. ಹಾರ್ಪರ್ ಲೀ ಕಾದಂಬರಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನ ಆರೋಪಿ ಟಾಮ್ ರಾಬಿನ್ಸನ್, ಫ್ರಿಕರ್ ಕೊಡುವ ಉದಾಹರಣೆ. ಪುರಾವೆಯೆಲ್ಲ ಅವನ ಕಡೆಗಿದ್ದರೂ ಬಿಳಿಯರ ಜ್ಯೂರಿಗೆ ಕಪ್ಪು ಮನುಷ್ಯನ ಮಾತು ರುಚಿಸುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಕೇಳುಗರ ಕೆಟ್ಟತನವನ್ನಲ್ಲ. ಇಂಥ ಕಡೆ ಕೇಳುಗರು ತಾವು ನಿಷ್ಪಕ್ಷಪಾತಿಗಳೆಂದೇ ಪ್ರಾಮಾಣಿಕವಾಗಿ ನಂಬಿರಬಹುದು. ಏಕೆಂದರೆ ಪೂರ್ವಗ್ರಹ ವಾದದ ದಾರಿಯಲ್ಲಿ ಬರುವುದಿಲ್ಲ. ಸಮಾಜದಲ್ಲಿ ಓಡಾಡುವ ಸಿದ್ಧಚಿತ್ರಗಳ ಮೂಲಕ, ನಮ್ಮ ವಿಚಾರದ ಕಣ್ಣು ತಪ್ಪಿಸಿ ಒಳಗೆ ಸೇರಿಕೊಳ್ಳುತ್ತದೆ.

ಪೋಸ್ಟರು ಮುಖ್ಯವಾಗುವುದು ಇಲ್ಲೇ. ಅದು ಜಾಗೃತಿ ಮೂಡಿಸುವುದರ ಜೊತೆಗೇ, ದೌರ್ಜನ್ಯಕ್ಕೊಳಗಾದವಳು ಹೇಗಿರುತ್ತಾಳೆ ಎಂಬ ಸಿದ್ಧಚಿತ್ರವನ್ನೂ ಊರಿಗೆಲ್ಲ ಹಂಚುತ್ತದೆ. ಆ ಅಚ್ಚಿಗೆ ಹೊಂದದವಳ ಗತಿಯೇನು? ಸಂಬಳ ತರುವವಳು, ನಿವೃತ್ತಿಯಂಚಿನವಳು, ತಿರುಗಿ ಬೈದವಳು, ತವರಿಗೆ ಹೋಗಿ ಮತ್ತೆ ಗಂಡನ ಮನೆಗೇ ಬಂದವಳು, ಠಾಣೆಯಲ್ಲಿ ಅಳದೆ ದಿನಾಂಕ ಸಮೇತ ವಿವರ ಹೇಳಿದವಳು, ಇವರೆಲ್ಲ ‘ನೋಡಿದರೆ ಹಾಗನ್ನಿಸುವುದಿಲ್ಲ’ ಎಂಬ ಒಂದೇ ಮಾತಿಗೆ ಸಿಕ್ಕಿಬೀಳುತ್ತಾರೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮೌಖಿಕ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆಗಳನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ಎಟಿಎಂ ಕಾರ್ಡು ಕಿತ್ತುಕೊಂಡರೆ ಕೆನ್ನೆಯ ಮೇಲೆ ಬಾಸುಂಡೆ ಏಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ದೇಶದ ಮಟ್ಟದಲ್ಲಿ, ಹಿಂಸೆಗೊಳಗಾದವರ ಪೈಕಿ ಮುಕ್ಕಾಲು ಪಾಲಿನಷ್ಟು ಜನ ನೆರವನ್ನೂ ಕೇಳಿಲ್ಲ, ಯಾರ ಬಳಿಯೂ ಬಾಯಿಬಿಟ್ಟಿಲ್ಲ. ಭಯ, ಮಕ್ಕಳು, ಮರ್ಯಾದೆ, ಹೋಗಲು ಜಾಗವಿಲ್ಲದಿರುವುದು: ಕಾರಣಗಳು ಹಲವು. ಅಮೆರಿಕದ ತತ್ತ್ವಜ್ಞೆ ಕ್ರಿಸ್ಟಿ ಡಾಟ್ಸನ್ 2011ರ ಲೇಖನದಲ್ಲಿ ಇನ್ನೊಂದನ್ನು ತೋರಿಸುತ್ತಾರೆ. ಎದುರಿಗಿರುವವರಿಗೆ ತನ್ನ ಮಾತು ತಲುಪದು ಎಂದು ಕಂಡಾಗ, ಹೇಳುವವರೇ ಮಾತನ್ನು ಕತ್ತರಿಸಿಕೊಳ್ಳುತ್ತಾರೆ. ಪೋಸ್ಟರನ್ನು ಅವಳೂ ನೋಡಿರುತ್ತಾಳಲ್ಲ. ‘ನನ್ನದು ಅಷ್ಟೇನಿಲ್ಲ’ ಎಂದು ಅವಳೇ ತೀರ್ಪು ಕೊಟ್ಟುಕೊಳ್ಳುತ್ತಾಳೆ.

ಗಾಯ ಸುಳ್ಳಲ್ಲವಲ್ಲ, ಅದನ್ನು ಮುಚ್ಚಿಡುವುದೇ ಎಂದು ಕೇಳಬಹುದು. ಬೆಚ್ಚಿಬೀಳಿಸದಿದ್ದರೆ ದಾರಿಹೋಕ ನಿಂತು ನೋಡುವುದಾದರೂ ಏಕೆ ಎಂದೂ ಕೇಳಬಹುದು. ಮೊದಲನೆಯದಕ್ಕೆ ಉತ್ತರ ಸುಲಭ: ಗಾಯ ಒಂದು ಸಂಗತಿಯಾಗಿ ನಿಜ, ಅಳತೆಗೋಲಾದಾಗ ಸುಳ್ಳು. ಎರಡನೆಯದು ಗಟ್ಟಿಯಾದ ಆಕ್ಷೇಪ, ಆದರೆ ಅದಕ್ಕೆ ನಮ್ಮಲ್ಲೇ ಎದುರು ಉದಾಹರಣೆಯಿದೆ. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಆರಂಭಿಸಿದ ‘ಬೆಲ್ ಬಜಾವೋ’ ಜಾಹೀರಾತುಗಳಲ್ಲಿ ಪೆಟ್ಟು ತಿಂದ ಮುಖವನ್ನು ಮುಂದಿಡಲಿಲ್ಲ. ಗೋಡೆಯಾಚೆಯಿಂದ ಗದರುವ ದನಿ ಕೇಳಿಸುತ್ತದೆ, ನೆರೆಯ ಗಂಡಸು ಎದ್ದು ಹೋಗಿ ಕರೆಗಂಟೆ ಒತ್ತುತ್ತಾನೆ, ಏನೋ ನೆಪ ಹೇಳುತ್ತಾನೆ. ಅವು ಜನರನ್ನು ಸೆಳೆದವು, ಅಂತರರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದವು. ಅವನು ಕೇಳಿದ್ದು ಸದ್ದನ್ನೇ ಹೊರತು ಅವಳ ಮಾತನ್ನಲ್ಲ, ಪಾರುಮಾಡುವ ಪಾತ್ರ ಮತ್ತೆ ಗಂಡಸಿಗೇ ಸಿಕ್ಕಿತು ಎಂಬ ಕೊರತೆ ಅದಕ್ಕೂ ಇದೆ. ಆದರೂ ನೋಡುಗರ ಗಮನ ಹಿಡಿಯಲು ರಕ್ತವೇ ಬೇಕೆಂಬ ವಾದವನ್ನಂತೂ ಅದು ಕೆಡವಿತು.

ಎಲ್ಲರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕೇ, ಸುಳ್ಳು ದೂರುಗಳ ಕತೆಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಫ್ರಿಕರ್ ಕೇಳುವುದು ಕುರುಡು ನಂಬಿಕೆಯನ್ನಲ್ಲ. ಕೇಳುಗರು ತಮ್ಮ ಅನುಮಾನದಲ್ಲಿ ಪೂರ್ವಗ್ರಹದ ಪಾಲೆಷ್ಟೆಂದು ಗುರುತಿಸಿ, ಅಷ್ಟನ್ನು ಕಳೆದು ಮಾತನ್ನು ತೂಗಬೇಕು ಎನ್ನುತ್ತಾರೆ, ಅಷ್ಟೆ. ಆಮೇಲೂ ಪರಿಶೀಲನೆ ಇದ್ದೇ ಇರುತ್ತದೆ. ಈ ವಿಷಯದಲ್ಲಿ ನಮ್ಮ ಕಾಯ್ದೆ ನಮ್ಮ ಪೋಸ್ಟರುಗಳಿಗಿಂತ ಮುಂದಿದೆ. ನ್ಯಾಯಾಲಯ ಕೊಟ್ಟ ರಕ್ಷಣಾ ಆದೇಶವನ್ನು ಗಂಡ ಮುರಿದನೇ ಎಂದು ತೀರ್ಮಾನಿಸುವಾಗ, ಬಾಧಿತಳೊಬ್ಬಳ ಸಾಕ್ಷ್ಯದ ಮೇಲೆಯೇ ಅಪರಾಧ ನಡೆದಿದೆ ಎಂಬ ನಿರ್ಣಯಕ್ಕೆ ನ್ಯಾಯಾಲಯ ಬರಬಹುದು ಎಂದು ಅದರ 32ನೇ ಸೆಕ್ಷನ್ ಹೇಳುತ್ತದೆ.