ತಕ್ಕಡಿಯ ತೀರ್ಪು

'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಹೊಗಳಿಕೆಯೂ ಉಂಟು, ಚುಚ್ಚುಮಾತೂ ಉಂಟು; ಆಡುವವರ ದನಿಯನ್ನು ನೋಡಿ ಅರ್ಥ ಮಾಡಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಆ ಎರಡನೆಯ ದನಿ ನನ್ನ ಬಾಯಿಂದಲೇ ಹೊರಟ ಮೇಲೆ, ಗಾದೆಯೇ ನನಗೆ ಪಾಠ ಹೇಳಿತು.

ಕಳೆದ ಯುಗಾದಿಗೆ ಅಕ್ಕನೂ ಅವಳ ಮಗಳೂ ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ 24 ವರ್ಷ. ಒಬ್ಬಟ್ಟು ಬಡಿಸುತ್ತ ಬಂದ ನನ್ನ ಹೆಂಡತಿ ಅವಳ ಎಲೆಯ ಮುಂದೆ ನಿಂತಾಗ, "ಅವಳಿಗೆ ಒಂದೇ ಸಾಕು, ಈಗಲೇ ಅಮ್ಮನನ್ನು ಮೀರಿಸಿದ್ದಾಳೆ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಆ ಒಂದನ್ನೂ ಮುರಿಯದೆ ಎಲೆ ಮಡಿಸಿ ಎದ್ದಳು.

ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. "ಎಂಟು ತಿಂಗಳಿಂದ ಬೆಳಗಿನ ಜಾವ ಎದ್ದು ಕೆರೆ ಏರಿಯ ಮೇಲೆ ನಡೆಯುತ್ತಾಳೆ ಕಣೋ. ಅನ್ನವನ್ನು ಬಟ್ಟಲಲ್ಲಿ ಅಳೆದು ಹಾಕಿಕೊಳ್ಳುತ್ತಾಳೆ. 80 ಕಿಲೋ ಇದ್ದವಳು 76ಕ್ಕೆ ಬಂದಿದ್ದಾಳೆ. ಆ ನಾಲ್ಕು ನಿನ್ನ ಕಣ್ಣಿಗೆ ಬೀಳಲಿಲ್ಲ. ಇದು ನನ್ನಿಂದ ಅವಳಿಗೆ ಬಂದದ್ದು; ಅನ್ನುವುದಿದ್ದರೆ ನನ್ನನ್ನು ಅನ್ನು."

ಅಕ್ಕನಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಾಗಿರಲಿಲ್ಲ. ಅದೇಕೆಂದು ನಮಗಾರಿಗೂ ತಿಳಿದಿರಲಿಲ್ಲ. ಹೆಸರು ಗೊತ್ತಿಲ್ಲದ ಕಾಯಿಲೆಗೆ ಊರಿನವರು ತಾವೇ ಒಂದು ಹೆಸರಿಟ್ಟಿದ್ದರು, ಕಾಯಿಲೆಗಲ್ಲ, ಅಕ್ಕನಿಗೆ. ಬಂಜೆ ಎಂಬ ಆ ಮಾತನ್ನು ಅವಳು ಏಳು ವರ್ಷ ಕೇಳಿದಳು. ಈಗ ಮಗಳ ಕಾಯಿಲೆಗೆ ವೈದ್ಯರು ಹೆಸರು ಹೇಳಿದ್ದಾರೆ, ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂದು. 1935ರಲ್ಲಿ ಷಿಕಾಗೋದ ಸ್ಟೈನ್, ಲೆವೆಂಥಾಲ್ ಎಂಬಿಬ್ಬರು ವೈದ್ಯರು ಏಳು ಮಂದಿ ಹೆಂಗಸರನ್ನು ಪರೀಕ್ಷಿಸಿ ಇದನ್ನು ಕುರಿತು ಬರೆದರು. ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಮುಟ್ಟಿಸಬೇಕಾದ ಇನ್ಸುಲಿನ್ನಿನ ಮಾತು ಇಂಥ ಅನೇಕರ ದೇಹದಲ್ಲಿ ನಡೆಯುವುದಿಲ್ಲ. ದೇಹವು ಇನ್ನಷ್ಟು ಇನ್ಸುಲಿನ್ನನ್ನು ಸುರಿಸುತ್ತದೆ. ಅದು ಹೆಚ್ಚಿದಾಗ ಅಂಡಾಶಯವು ಗಂಡುಹಾರ್ಮೋನನ್ನು ಮಿತಿಮೀರಿ ತಯಾರಿಸುತ್ತದೆ. ಅಂಡ ಬಲಿಯದು, ಮುಟ್ಟು ತಪ್ಪುತ್ತದೆ, ಗಲ್ಲದ ಮೇಲೆ ಕೂದಲು ಮೂಡುತ್ತದೆ. ತೂಕ ಏರಿದಷ್ಟೂ ಇನ್ಸುಲಿನ್ನಿನ ಕೆಲಸ ಮತ್ತಷ್ಟು ಕೆಡುತ್ತದೆ. ಗಾಣದ ಎತ್ತಿನಂತೆ ಮತ್ತೆ ಮತ್ತೆ ಅದೇ ಸುತ್ತು. ತೆಳ್ಳಗಿರುವವರನ್ನೂ ಇದು ಬಿಟ್ಟಿಲ್ಲ.

ಹಾಗಾದರೆ ಅಕ್ಕ ಹೇಳಿದ್ದು ಸರಿಯೇ? ಇದು ತಾಯಿಯಿಂದ ಬಂದದ್ದೇ? 2006ರಲ್ಲಿ ನೆದರ್‌ಲೆಂಡ್ಸ್ ದೇಶದ ಅವಳಿ ಸೋದರಿಯರ ಅಧ್ಯಯನವೊಂದು ಪ್ರಕಟವಾಯಿತು. ಈ ಕಾಯಿಲೆಯ ವಿಷಯದಲ್ಲಿ ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಸಾಮ್ಯವು ಉಳಿದ ಸೋದರಿಯರ ಸಾಮ್ಯಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿತ್ತು. ಮೈತೂಕದ ಮಾತೂ ಹಾಗೆಯೇ. 1986ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, ದತ್ತು ಹೋಗಿ ಬೆಳೆದ 540 ಮಂದಿ ತೂಕದಲ್ಲಿ ಹೆತ್ತವರನ್ನು ಹೋಲುತ್ತಿದ್ದರು, ಅನ್ನವಿಟ್ಟು ಸಾಕಿದವರನ್ನಲ್ಲ. ಅಂದಮೇಲೆ ಹುಟ್ಟಿನ ಪಾಲು ದೊಡ್ಡದು. ಆದರೆ ಅದು ಒಂದು ವಂಶವಾಹಿಯ ಕೆಲಸವಲ್ಲ, ಹಲವು ವಂಶವಾಹಿಗಳದು. ಅವು ತಂದೆಯ ಕಡೆಯಿಂದಲೂ ಬರಬಹುದು. ನಮ್ಮ ಗಾದೆಗೆ ತಂದೆಯ ನೆನಪಾಗಲಿಲ್ಲ. ತಾಯಿಯಾದರೂ ಕೊಟ್ಟದ್ದನ್ನು ಆರಿಸಿ ಕೊಟ್ಟಳೇ? ಆರಿಸದೆ ಕೊಟ್ಟದ್ದಕ್ಕೆ ದಾನದ ಪುಣ್ಯವೂ ಇಲ್ಲ, ಪಾಪವೂ ಇಲ್ಲ.

ಇಲ್ಲಿ ವಾಚಕರು ನನ್ನನ್ನು ತಡೆದು ಕೇಳಬಹುದು: ಎಲ್ಲವೂ ಹುಟ್ಟಿನಲ್ಲೇ ಇದ್ದರೆ ಆ ಹುಡುಗಿ ಕೆರೆ ಏರಿಯ ಮೇಲೆ ನಡೆಯುವುದೇಕೆ? ಈ ಪ್ರಶ್ನೆ ಹಳೆಯದು. ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರನು ದೈವ ದೊಡ್ಡದೋ ಪುರುಷಪ್ರಯತ್ನ ದೊಡ್ಡದೋ ಎಂದು ಭೀಷ್ಮನನ್ನು ಕೇಳುತ್ತಾನೆ. ಅಲ್ಲಿ ದೈವವನ್ನು ಬೀಜಕ್ಕೂ ಪ್ರಯತ್ನವನ್ನು ಹೊಲಕ್ಕೂ ಹೋಲಿಸಿದೆ. ವಂಶವಾಹಿಯ ಹೆಸರನ್ನೇ ಕೇಳದವರು ಕೊಟ್ಟ ಈ ಹೋಲಿಕೆ ಇಂದಿಗೂ ಸವೆದಿಲ್ಲ.

2007ರಲ್ಲಿ ಎಫ್‌ಟಿಓ ಎಂಬ ವಂಶವಾಹಿಗೂ ಸ್ಥೂಲಕಾಯಕ್ಕೂ ಇರುವ ಸಂಬಂಧ ಗೊತ್ತಾಯಿತು. ಅದರ ಒಂದು ಬಗೆಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರು, ಪಡೆಯದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಇಂಥವರು ಪಥ್ಯ ಮಾಡಿದರೆ ಫಲವುಂಟೇ? 2016ರಲ್ಲಿ ಎಂಟು ಪ್ರಯೋಗಗಳ 9,563 ಮಂದಿಯ ಲೆಕ್ಕವನ್ನು ಒಟ್ಟಿಗೆ ನೋಡಲಾಯಿತು. ಅವರೆಲ್ಲ ಅಕ್ಕನ ಮಗಳಂಥ ರೋಗಿಗಳಲ್ಲ, ನಾನಾ ಬಗೆಯ ಜನ. ಆ ವಂಶವಾಹಿ ಇದ್ದವರ ತೂಕವೂ ಇಲ್ಲದವರಷ್ಟೇ ಇಳಿದಿತ್ತು. ಬೀಜ ಯಾವುದಾದರೂ ಉಳುಮೆ ವ್ಯರ್ಥವಾಗಲಿಲ್ಲ. ಈ ಕಾಯಿಲೆಯುಳ್ಳವರಲ್ಲಿ ತೂಕ ನೂರಕ್ಕೆ ಐದು ಪಾಲು ಇಳಿದರೂ ಅನೇಕರ ಮುಟ್ಟು ಕ್ರಮಕ್ಕೆ ಬರಬಹುದೆಂದು ವೈದ್ಯರು ಹೇಳುತ್ತಾರೆ. 80ಕ್ಕೆ ಐದು ಪಾಲು ಎಂದರೆ ನಾಲ್ಕು ಕಿಲೋ. ನನ್ನ ಕಣ್ಣಿಗೆ ಬೀಳದ ಆ ನಾಲ್ಕು!

ನಾನು ತಪ್ಪಿದ್ದು ಇಲ್ಲಿ. ತಕ್ಕಡಿ ತೋರಿಸುವುದು ತೂಕವನ್ನು. ನಾನು ಅದರಲ್ಲಿ ನಡತೆಯನ್ನು ಓದಿದೆ. ದಪ್ಪಗಿರುವವಳು ಬಾಯಿ ಕಟ್ಟದವಳು, ತೆಳ್ಳಗಿರುವವಳು ಸಂಯಮಿ ಎಂದು ತೀರ್ಮಾನಿಸಿದೆ. ಜೀವಮಾನದಲ್ಲಿ ಒಂದು ದಿನವೂ ಅನ್ನವನ್ನು ಅಳೆದು ಉಣ್ಣದ ನಾನು ತೆಳ್ಳಗಿದ್ದೇನೆ. ಅದು ನನ್ನ ಸಾಧನೆಯಲ್ಲ. ನಮ್ಮ ಅಜ್ಜ ಬಿಟ್ಟುಹೋದ ಆಸ್ತಿ. ಆ ಆಸ್ತಿಯ ಮೇಲೆ ಕುಳಿತು, ದುಡಿದು ತಿನ್ನುವವಳಿಗೆ ಮಿತವ್ಯಯದ ಉಪದೇಶ ಮಾಡಿದೆ.

ತೂಕವನ್ನು ಬಿಟ್ಟು ಪ್ರಯತ್ನವನ್ನು ಅಳೆದು ತೀರ್ಪು ಹೇಳೋಣವೇ? ಅದೂ ಸುಲಭವಲ್ಲ. ಅಕ್ಕ ಹೇಳದಿದ್ದರೆ ಬೆಳಗಿನ ಜಾವದ ಆ ನಡಿಗೆ ನನಗೆ ತಿಳಿಯುತ್ತಲೇ ಇರಲಿಲ್ಲ. ಒಂದು ವೇಳೆ ಅವಳು ನಡೆಯದೆಯೇ ಇದ್ದಿದ್ದರೆ? ಆಗಲೂ ಪಂಕ್ತಿಯ ನಡುವೆ ಆ ಮಾತಾಡುವ ಹಕ್ಕು ನನಗೆ ಬರುತ್ತಿರಲಿಲ್ಲ. ಹೊಣೆ ಎಂಬುದು ತಾನಾಗಿ ಹೊರುವಂಥದು. ದೂರು ಇನ್ನೊಬ್ಬರು ಹೊರಿಸುವಂಥದು. ಹೊರೆ ಹೊತ್ತು ನಡೆಯುವವಳ ತಲೆಯ ಮೇಲೆ ದೂರನ್ನೂ ಇಟ್ಟರೆ ನಡಿಗೆ ಚುರುಕಾಗುವುದಿಲ್ಲ. ಈ ಕಾಯಿಲೆಯನ್ನು ಕುರಿತು 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು, ತೂಕ ನೋಡುವ ಮುನ್ನ ರೋಗಿಯ ಒಪ್ಪಿಗೆ ಕೇಳಬೇಕೆಂದು ವೈದ್ಯರಿಗೆ ಹೇಳುತ್ತದೆ. ಮದ್ದು ಕೊಡುವವರೇ ಕೇಳಬೇಕು. ಒಬ್ಬಟ್ಟು ಕೊಡುವ ನಾವು ಕೇಳದೆಯೇ ತೂಗಿಬಿಡುತ್ತೇವೆ.

ಗೌರಿ ಹಬ್ಬಕ್ಕೆ ತಾಯಿ ಮಗಳು ಮತ್ತೆ ಬಂದರು. ಈ ಸಲ ಒಬ್ಬಟ್ಟಿನ ತಟ್ಟೆಯನ್ನು ನಾನೇ ಹಿಡಿದೆ. ಅವಳ ಎಲೆಯ ಮುಂದೆ ಬಂದಾಗ ಮಾತು ತಡವರಿಸಿತು.

"ಎಷ್ಟು ಹಾಕಲಮ್ಮಾ?" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಒಂದು ಹಾಕಿ ಮಾವ. ತುಪ್ಪ ಬೇಡ" ಎಂದಳು.

ಆ ಒಂದನ್ನು ಅವಳು ಪೂರ್ತಿ ತಿಂದಳು.